ಆರಿಸಿದರೂ ಆರದ ದೀಪ

ಈ ವರ್ಷ ಗಣೇಶ ಚೌತಿಗೆ ಇನ್ನೂ ಹದಿನೈದು ದಿನ ಇದ್ದಾಗ ನಮ್ಮ ದೇವರ ಮನೆಯ ಬಲ್ಬು ಆರದೇ ಹೋಯಿತು. ಸ್ವಿಚ್ ಆರಿಸಿದ ಮೇಲೂ ಒಳಗೆ ಮಿಣುಕು ಹುಳದಷ್ಟು ಬೆಳಕು ಉಳಿದೇ ಇರುತ್ತಿತ್ತು. ಹಗಲು ಕಾಣುವುದಿಲ್ಲ, ರಾತ್ರಿ ಎಲ್ಲ ದೀಪ ಆರಿದ ಮೇಲೆ ಅದೊಂದು ಮಾತ್ರ ಹಿಟ್ಟಿನ ಬಣ್ಣದಲ್ಲಿ ಮಂಕಾಗಿ ಕಣ್ಣು ಬಿಟ್ಟುಕೊಂಡಿರುತ್ತದೆ. ದೇವರ ಮನೆ ಅಂದರೆ ದೊಡ್ಡದೇನಲ್ಲ. ಮುಲುಂಡ್ ಪೂರ್ವದ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಗೂ ಬಚ್ಚಲಿಗೂ ನಡುವೆ ಇರುವ ಮೂರಡಿಯ ಗೂಡು.

ಅತ್ತೆಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. "ಇರ್ಲಿ ಬಿಡವಾ, ದೇವರ ಮನ್ಯಾಗ ಬೆಳಕಿದ್ರ ಏನಾಗ್ತದ?" ಅಂದರು. ಅವರು ಧಾರವಾಡದವರು, ಮುಂಬೈಗೆ ಬಂದು ಹನ್ನೊಂದು ವರ್ಷವಾದರೂ ಇಲ್ಲಿಯ ಯಾವುದರ ಬಗ್ಗೆಯೂ ಅವರಿಗೆ ಆಶ್ಚರ್ಯವೆಂಬುದು ಇಲ್ಲ.

ನನಗೆ ಮಾತ್ರ ಅನುಮಾನ. ಆ ಗೂಡಿಗೆ ಹೊಸ ಸ್ವಿಚ್ ಬೋರ್ಡು ಕೂರಿಸಿ ಸರಿಯಾಗಿ ಒಂದು ವಾರವಾಗಿತ್ತು. ಕೂರಿಸಿದ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ಎಲ್‌ಇಡಿ ಮೇ ಐಸಾ ಹೀ ಹೋತಾ ಹೈ ಮ್ಯಾಡಮ್, ಬಲ್ಬ್ ಬದಲ್ ದೋ" ಅಂದ. ಬದಲಿಸಿದೆ. ಹೊಸ ಬಲ್ಬೂ ಹಾಗೇ. ಮತ್ತೆ ಫೋನ್ ಮಾಡಿದರೆ, "ಒಳ್ಳೆ ಕಂಪನಿಯದು ತನ್ನಿ" ಎಂಬ ಉಪದೇಶ. ಮೂರನೆಯ ಸಲ ಫೋನ್ ಎತ್ತಲೇ ಇಲ್ಲ.

ಅವನ ಕೆಲಸ ನೋಡಲು ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಬೋರ್ಡಿನ ಮೇಲೆ ರಸಮಟ್ಟ ಇಟ್ಟು ನೋಡಿದರೂ ಗುಳ್ಳೆ ನಟ್ಟನಡುವೆ ನಿಲ್ಲುವಷ್ಟು ನೇರ. ಗೋಡೆಯ ಮೇಲೆ ಕೈಗುರುತು ಇಲ್ಲ, ನೆಲದ ಮೇಲೆ ಗಾರೆಯ ಪುಡಿ ಇಲ್ಲ. ಮೂವತ್ತು ವರ್ಷದ ಮುಂಬೈ ಸಂಸಾರದಲ್ಲಿ ಇಂಥ ಅಚ್ಚುಕಟ್ಟು ನಾನು ಕಂಡದ್ದು ಕಡಿಮೆ. ನಮ್ಮಲ್ಲಿ ಒಂದು ಹಳೇ ಉಪ್ಪಿನಕಾಯಿ ಭರಣಿ ಇದೆ. ರಿಪೇರಿಗೆ ಬಂದವರು ಯಂತ್ರ ಮತ್ತೆ ಜೋಡಿಸಿದ ಮೇಲೆ ಮಿಕ್ಕಿದ ಸ್ಕ್ರೂಗಳನ್ನೆಲ್ಲ ಅದರಲ್ಲಿ ಹಾಕಿಡುತ್ತೇನೆ. "ಹೇ ಎಕ್ಸ್ಟ್ರಾ ಆಹೇ" ಎಂದು ಅವರು ನನ್ನ ಅಂಗೈಗೆ ಹಾಕಿ ಹೋದವು. ಫ್ರಿಜ್ಜಿನವು, ವಾಶಿಂಗ್ ಮಷಿನ್ನಿನವು, ಎಕ್ಸಾಸ್ಟ್ ಫ್ಯಾನಿನವು. ಕಂಪನಿಯವರು ದಾನಕ್ಕೆಂದು ನಾಲ್ಕು ಸ್ಕ್ರೂ ಹೆಚ್ಚು ಹಾಕಿ ಕಳಿಸುತ್ತಾರೆಯೇ? ಭರಣಿ ಈಗ ಮುಕ್ಕಾಲು ತುಂಬಿದೆ.

ಇನ್ನೊಂದು ವಿಷಯ. ಬಂದವರು ಯಾರೇ ಇರಲಿ, ಬಾಗಿಲು ತೆರೆದ ಕೂಡಲೇ ಕೇಳುವುದು, "ಸಾಹೇಬ್ ನಾಹೀತ್ ಕಾ?" ಸಾಹೇಬರು ವಾರದಲ್ಲಿ ನಾಲ್ಕು ದಿನ ಪುಣೆಯಲ್ಲಿರುತ್ತಾರೆ, ಇದ್ದರೂ ಅವರಿಗೆ ಪ್ಲಸ್ ಮೈನಸ್ ಗೊತ್ತಿಲ್ಲ. ಆದರೂ ತೊಂದರೆ ಏನೆಂದು ನಾನು ಹೇಳುತ್ತಿದ್ದರೆ ಅವರ ಕಣ್ಣು ನನ್ನ ಭುಜದಾಚೆ ಗಂಡಸಿನ ನೆರಳನ್ನು ಹುಡುಕುತ್ತಿರುತ್ತದೆ. ನಾನು ಹೇಳಿದ್ದರಲ್ಲಿ ಅರ್ಧ ಹೀಗೆ ನೆಲಕ್ಕೆ ಬೀಳುತ್ತದೆ.

ಸ್ವಂತ ರಿಪೇರಿ ನನಗೆ ರಕ್ತದಲ್ಲಿ ಬಂದದ್ದು ಎಂದುಕೊಳ್ಳಬೇಡಿ. ನಮ್ಮಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್. ಇಡೀ ಬೋಗಿಯನ್ನು ಗಾಲಿಯಿಂದ ಎತ್ತಿ ಇಡುವ ಜಾಗದಲ್ಲಿ ದುಡಿದವರು ಮನೆಯ ನಳದ ವಾಶರ್ ಹೋದರೆ ಆಳು ಕರೆಸುತ್ತಿದ್ದರು. "ಅಲ್ಲಿ ಎಂಟು ತಾಸು ಪಾನಾ ಹಿಡೀತೀನಿ, ಮನ್ಯಾಗೂ ಹಿಡೀಲೇನು?" ಎನ್ನುತ್ತಿದ್ದರು. ಪಾನಾ ಅಂದರೆ ಸ್ಪ್ಯಾನರ್. ಅವರಿಂದ ನಾನು ಕಲಿತದ್ದು ಒಂದೇ, ಇಂಚಿಗೆ ಎಂಟು ಸೂತು ಎಂಬ ಲೆಕ್ಕ. ಅದೂ ಅಪ್ಪ ಹೋಗಿ ಹತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂತು. ಮುಂಬೈನ ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಇಂಚಿನ ನಟ್ಟು ಕೇಳಿದರೆ ಹುಡುಗ "ಚಾರ್ ಸೂತ್?" ಎಂದು ತಿರುಗಿ ಕೇಳುತ್ತಾನೆ.

ನಾನು ಪಾನಾ ಹಿಡಿದದ್ದು 2020ರಲ್ಲಿ, ಬೇರೆ ದಾರಿ ಇರಲಿಲ್ಲ. ಮಾರ್ಚ್ ಕೊನೆಯಿಂದ ಲಾಕ್‌ಡೌನ್, ನಮ್ಮ ವಸತಿ ಸೊಸೈಟಿಯ ಗೇಟು ಹೊರಗಿನವರಿಗೆ ಬಂದ್. ಏಪ್ರಿಲ್‌ನಲ್ಲಿ ಒಂದು ಸಂಜೆ ಉದ್ದಿನ ಬೇಳೆ ಅರೆಯುತ್ತಿದ್ದಾಗ ಮಿಕ್ಸಿ ಗಪ್ಪೆಂದು ನಿಂತಿತು. ಹಿಂದೆಯೂ ಎರಡು ಸಲ ಹೀಗೇ ನಿಂತಿತ್ತು. ಆಗ ಬಂದಿದ್ದ ಮನುಷ್ಯ ಮಿಕ್ಸಿಯನ್ನು ಬಾಲ್ಕನಿಗೆ ಒಯ್ದು, ನನಗೆ ಬೆನ್ನು ಮಾಡಿ ಕೂತು, ಐದು ನಿಮಿಷದಲ್ಲಿ "ಸರ್ವೀಸ್ ಕರ್ ದಿಯಾ" ಎಂದು 350 ರೂಪಾಯಿ ತೆಗೆದುಕೊಂಡಿದ್ದ. ಎರಡು ಸಲವೂ. ಈಗ ಅವನಿಲ್ಲ. ಅಲಮಾರಿನ ತಳದಲ್ಲಿ ಮಿಕ್ಸಿಯ ಜತೆ ಬಂದ ಪುಸ್ತಿಕೆ ಸಿಕ್ಕಿತು. ಅದರ ಮೂರನೆಯ ಪುಟದಲ್ಲಿ ಚಿತ್ರ ಸಮೇತ ಇದೆ: ಹೊರೆ ಹೆಚ್ಚಾಗಿ ನಿಂತರೆ ಸ್ವಲ್ಪ ತಣಿಯಲು ಬಿಟ್ಟು ತಳದಲ್ಲಿರುವ ಕೆಂಪು ಗುಂಡಿ ಒತ್ತಿ. ಮಿಕ್ಸಿ ಮಗುಚಿದೆ. ಕೆಂಪು ಗುಂಡಿ ಅಲ್ಲೇ ಇತ್ತು, ಒಂಬತ್ತು ವರ್ಷದಿಂದ. ಒತ್ತಿದೆ. ಹೊರಟಿತು.

ಆ ಏಳುನೂರು ರೂಪಾಯಿಯ ಸಿಟ್ಟು ಇಂದಿಗೂ ಆರಿಲ್ಲ. ದುಡ್ಡು ಹೋದದ್ದಕ್ಕಿಂತ ಆ ಬೆನ್ನು ಮಾಡಿ ಕೂತದ್ದು ಹೆಚ್ಚು ಚುಚ್ಚುತ್ತದೆ.

ಅದಾಗಿ ಒಂದು ತಿಂಗಳಿಗೆ ಅದೇ ಮಿಕ್ಸಿಯ ಕಪ್ಲರ್ ಹಲ್ಲು ಸವೆದು ಜಾರತೊಡಗಿತು. ಕಪ್ಲರ್ ಅಂದರೆ ಜಾರನ್ನು ಕೂರಿಸುವ ಕಡೆ ಮೋಟಾರಿನ ತುದಿಗೆ ಇರುವ ಕಪ್ಪು ಹಲ್ಲಿನ ಗಾಲಿ. ಬಿಚ್ಚಲು ಎರಡು ದಿನ ಒದ್ದಾಡಿದೆ. ಎಲ್ಲ ಸ್ಕ್ರೂ ತಿರುಗುವಂತೆ ಎಡಕ್ಕೆ ತಿರುಗಿಸಿದಷ್ಟೂ ಬಿಗಿ. ಮೂರನೆಯ ದಿನ ತಾಸೆರಡು ತಾಸು ಮಾತ್ರ ಶಟರ್ ಎತ್ತುತ್ತಿದ್ದ ಸ್ಟೇಷನ್ ರಸ್ತೆಯ ಮಿಕ್ಸಿ ರಿಪೇರಿ ಅಂಗಡಿಗೆ ಹೋದೆ. ಮಾಸ್ಕಿನೊಳಗಿಂದ ಮುದುಕರು, "ಉಲ್ಟಾ ಘುಮಾವ್, ಬೇಟಾ" ಅಂದರು. ಅದರ ಥ್ರೆಡ್ಡೇ ತಿರುವುಮುರುವು. ಮೋಟಾರು ತಿರುಗುವಾಗ ಕಪ್ಲರ್ ತಾನಾಗಿ ಸಡಿಲವಾಗದೆ ಬಿಗಿಯಾಗುತ್ತ ಹೋಗಲಿ ಎಂದು ಹಾಗೆ ಮಾಡಿರುತ್ತಾರಂತೆ. ಆ ಮಾತಿಗೆ ಅವರು ಪೈಸೆ ತೆಗೆದುಕೊಳ್ಳಲಿಲ್ಲ, ಕಪ್ಲರ್‌ಗೆ ಮಾತ್ರ 40 ರೂಪಾಯಿ. ಮನೆಗೆ ಬಂದು ಬಲಕ್ಕೆ ತಿರುಗಿಸಿದೆ. ಬೆಣ್ಣೆಯ ಹಾಗೆ ಬಂತು. ಆ ಕ್ಷಣದ ಖುಷಿಯನ್ನು ಯಾರಿಗೆ ಹೇಳುವುದು? ಅತ್ತೆಗೆ ಹೇಳಿದೆ. "ಹಂಗಾರ ನಾಳೆ ದ್ವಾಶಿ ಆಗ್ತದ ಅನ್ನು" ಅಂದರು.

ರುಚಿ ಹತ್ತಿತು. ಫ್ಯಾನು ನಿಧಾನವಾದರೆ, ಕೈಯಿಂದ ತಳ್ಳಿದ ಮೇಲೆಯೇ ಹೊರಟರೆ, ಹತ್ತರಲ್ಲಿ ಎಂಟು ಸಲ ಕಂಡೆನ್ಸರ್ ಹೋಗಿರುತ್ತದೆ ಎಂದು ತಿಳಿಯಿತು. ಪುಸ್ತಕದಲ್ಲಿ ಅದು ಕೆಪಾಸಿಟರ್, ಅಂಗಡಿಯಲ್ಲಿ ಕಂಡೆನ್ಸರ್. ಸಾಮಾನ್ಯ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೋಫ್ಯಾರಡ್. "ಫ್ಯಾನ್‌ಕಾ ಢಾಯೀವಾಲಾ ಕಂಡೆನ್ಸರ್" ಅಂದರೆ ಅಂಗಡಿಯವನು ಮುಖ ನೋಡುತ್ತಾನೆ, ಆಮೇಲೆ ಮರ್ಯಾದೆಯಿಂದ ಕೊಡುತ್ತಾನೆ. ಮೊದಲೆಲ್ಲ ನಾನು "ಅದೇ, ಫ್ಯಾನಿನ ಮೇಲೆ ಡಬ್ಬಿಯೊಳಗೆ ಇರ್ತದಲ್ಲ ಬಿಳೀದು" ಎನ್ನುತ್ತಿದ್ದೆ. ಹೆಸರು ಗೊತ್ತಿಲ್ಲದವರಿಗೆ ಅದೇ ವಸ್ತು ದುಪ್ಪಟ್ಟು ಬೆಲೆಗೆ ಸಿಗುತ್ತದೆ. ಬಿಬ್ ಕಾಕ್, ಆಂಗಲ್ ಕಾಕ್, ನಿಪ್ಪಲ್, ಸ್ಪಿಂಡಲ್, ನಳದ ಸಾಮಾನಿನ ಒಂದೊಂದೇ ಹೆಸರು ಕಲಿತೆ. ಒಂದು ಶನಿವಾರ ಸಿಎಸ್‌ಎಂಟಿಯಲ್ಲಿ ಇಳಿದು ಕ್ರಾಫರ್ಡ್ ಮಾರ್ಕೆಟ್ ದಾಟಿ ಲೋಹಾರ್ ಚಾಳಿಗೂ ಹೋಗಿ ಬಂದೆ. ವಿದ್ಯುತ್ ಸಾಮಾನಿನ ಆ ಗಲ್ಲಿಯಲ್ಲಿ ಸೀರೆ ಅಂಗಡಿಗಳಲ್ಲಿ ಆಗದಷ್ಟು ಹೊತ್ತು ಹೋಯಿತು. ಕೈಗಾಡಿಯವನು ಹಿಂದಿನಿಂದ "ಬಾಜೂ, ಬಾಜೂ" ಎಂದು ಕೂಗುತ್ತಲೇ ಇದ್ದ.

ಹೊಸ ಬಿಎಲ್‌ಡಿಸಿ ಫ್ಯಾನುಗಳ ಮಾತು ಬೇರೆ. ಹಳೆಯ ಫ್ಯಾನು 75 ವ್ಯಾಟ್ ತಿನ್ನುವಲ್ಲಿ ಅದು 30ರ ಆಸುಪಾಸು ತಿನ್ನುತ್ತದೆ, ಬಿಲ್ಲು ಇಳಿಯುತ್ತದೆ, ನಿಜ. ಆದರೆ ಕೆಟ್ಟರೆ ಒಳಗೊಂದು ಸರ್ಕೀಟ್ ಬೋರ್ಡು, ಅದು ನನ್ನ ಕೈಗೆ ದಕ್ಕುವಂಥದ್ದಲ್ಲ. ಹಾಲಿಗೆ ಅದನ್ನು ಹಾಕಿಸಿದ್ದೇನೆ, ಮಲಗುವ ಕೋಣೆಯಲ್ಲಿ ಹಳೆಯದನ್ನೇ ಉಳಿಸಿಕೊಂಡಿದ್ದೇನೆ. ಇದು ಹಣದ ಲೆಕ್ಕಕ್ಕೆ ಕೂಡುವ ತೀರ್ಮಾನವೇನಲ್ಲ.

ಬೋರ್ಡು ಅಂದ ಕೂಡಲೇ ವಾಶಿಂಗ್ ಮಷಿನ್ ನೆನಪಾಯಿತು. ಎರಡು ವರ್ಷದ ಹಿಂದಿನ ಮೇ ತಿಂಗಳು. ಮಷಿನ್ ಗುಂಯ್‌ಗುಡುತ್ತದೆ, ನೀರು ತೆಗೆದುಕೊಳ್ಳುವುದಿಲ್ಲ, ಆಮೇಲೆ ಪರದೆಯ ಮೇಲೆ ಏನೋ ಅಕ್ಷರ ತೋರಿಸಿ ನಿಲ್ಲುತ್ತದೆ. ಸರ್ವೀಸಿನಿಂದ ಬಂದ ಹುಡುಗ ಗುಂಡಿ ಒತ್ತಿದ, ಅಕ್ಷರ ನೋಡಿದ, ಮೊಬೈಲಿನಲ್ಲಿ ಫೋಟೋ ತೆಗೆದ. "ಪಿಸಿಬಿ ಗಯಾ. ಆರು ಸಾವಿರದ ಎಂಟುನೂರು." ಪಿಸಿಬಿ ಅಂದರೆ ಒಳಗಿನ ಸರ್ಕೀಟ್ ಬೋರ್ಡು. ಮಷಿನ್ನನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು ಸಹ ನೋಡಲಿಲ್ಲ. ವಿಸಿಟಿಂಗ್ ಚಾರ್ಜ್ ಕೊಟ್ಟು ಕಳಿಸಿದೆ.

ಹಿಂದಿನ ವಾರ ಏನಾಗಿತ್ತು ಎಂದು ಯೋಚಿಸಿದೆ. ಪಾಲಿಕೆಯವರು ದೊಡ್ಡ ಪೈಪಿನ ಕೆಲಸಕ್ಕೆಂದು ನಮ್ಮ ಕಡೆ ನೀರು ನಿಲ್ಲಿಸಿದ್ದರು. ಮುಂಬೈಗೆ ಕುಡಿಯುವ ನೀರು ಏಳು ಕೆರೆ ಜಲಾಶಯಗಳಿಂದ ಬರುತ್ತದೆ, ತಾನ್ಸಾ, ಭಾತ್ಸಾ ಎಲ್ಲ ಊರಿನಿಂದ ಬಲು ದೂರ. ನೀರು ಒಳ್ಳೆಯದೇ, ಉಪ್ಪಿಲ್ಲ, ಬೋರ್‌ವೆಲ್ ನೀರಿನಂತೆ ಗೀಜರಿನಲ್ಲಿ ಕಲ್ಲು ಕಟ್ಟುವುದಿಲ್ಲ. ಆದರೆ ಒಂದು ದಿನ ಖಾಲಿ ಬಿದ್ದ ಹಳೇ ಪೈಪಿಗೆ ಮತ್ತೆ ನೀರು ನುಗ್ಗಿದಾಗ ಮೊದಲ ತಾಸು ಚಹಾದ ಬಣ್ಣ. ಅದರ ಜತೆ ತುಕ್ಕಿನ ಚೂರು, ಮರಳು. ಹಾಗಾದರೆ ಆ ಮರಳು ಎಲ್ಲಿಗೆ ಹೋಯಿತು?

ನಳ ಬಂದ್ ಮಾಡಿ ಮಷಿನ್ನಿನ ಹಿಂದಿನ ಪೈಪು ಬಿಚ್ಚಿದೆ. ಪೈಪು ಸೇರುವ ಬಾಯಿಯೊಳಗೆ ಹೆಬ್ಬೆಟ್ಟಿನ ಉಗುರಿಗಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಜಾಲರಿ ಇರುತ್ತದೆ, ನಡುವೆ ಹಿಡಿಯಲು ಒಂದು ಸಣ್ಣ ಮೂಗು. ಇಕ್ಕಳದಿಂದ ಆ ಮೂಗು ಹಿಡಿದು ಎಳೆದೆ. ಜಾಲರಿಯ ಮೇಲೆ ರಾಗಿ ಹಿಟ್ಟು ಮೆತ್ತಿದಂತೆ ಕಂದು ಕೆಸರು. ಹಳೇ ಟೂತ್‌ಬ್ರಶ್ಶಿನಿಂದ ತಿಕ್ಕಿ, ತೊಳೆದು, ಹಾಕಿದೆ. ಹಾಕುವಾಗ ಪೈಪಿನ ರಬ್ಬರ್ ವಾಶರ್ ಮಡಚಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿದೆ. ನೀರು ಬಂತು. ಆರು ಸಾವಿರದ ಎಂಟುನೂರು ಉಳಿಯಿತು. ಅದೇ ಪಿಸಿಬಿ ಇವತ್ತಿಗೂ ನಡೆಯುತ್ತಿದೆ.

ಆ ಹುಡುಗನನ್ನು ಕಳ್ಳ ಎನ್ನಲೇ? ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಫ್ರಿಜ್ಜಿನ ಬಾಗಿಲ ರಬ್ಬರ್ ಬದಲಿಸಲು ಬಂದ ಇನ್ನೊಬ್ಬ ಚಹಾ ಕುಡಿಯುತ್ತ ತನ್ನ ಪಾಡು ಹೇಳಿಕೊಂಡ. ದಿನಕ್ಕೆ ಒಂಬತ್ತು ಕಾಲ್. ಠಾಣೆಯಿಂದ ವಿಕ್ರೋಲಿವರೆಗೆ ಬೈಕಿನಲ್ಲಿ, ಪೆಟ್ರೋಲು ತನ್ನದೇ. ವಿಸಿಟಿಂಗ್ ಚಾರ್ಜ್ ಕಂಪನಿಗೆ. ತನಗೆ ಏನಾದರೂ ಉಳಿದರೆ ಅದು ಮಾರಿದ ಪಾರ್ಟಿನ ಮೇಲೆ. "ಜಾಲರಿ ತೊಳೆದು ಕೊಟ್ಟರೆ ನನಗೇನು ಸಿಗುತ್ತದೆ ಮ್ಯಾಡಮ್? ತಿಂಗಳ ಕೊನೆಗೆ ಬೈಗುಳ" ಅಂದ. ತರಬೇತಿಯಲ್ಲಿ ಕಲಿಸಿದ್ದೂ ಅಷ್ಟೇ ಅಂತೆ, ಈ ಅಕ್ಷರ ಬಂದರೆ ಈ ಪಾರ್ಟು ಬದಲಿಸು. ಬಿಚ್ಚಿ ನೋಡುವುದನ್ನು ಅವನಿಗೆ ಯಾರೂ ಕಲಿಸಿಯೇ ಇಲ್ಲ.

ಕೇಳಿ ಸ್ವಲ್ಪ ಮೆತ್ತಗಾದೆ. ಪೂರ್ತಿ ಅಲ್ಲ. ಮಷಿನ್ ಮುಂದೆಳೆಯಲು ಅರ್ಧ ನಿಮಿಷ ಸಾಕು, ಅದಕ್ಕೆ ತರಬೇತಿ ಬೇಡ. ಆದರೆ ನಮ್ಮ ಕಡೆಯದೂ ನೋಡಬೇಕು. ಆ್ಯಪಿನಲ್ಲಿ ತೋರಿಸಿದ ಮೊತ್ತವನ್ನು ಮರುಮಾತಾಡದೆ ಕಟ್ಟುವ ನಾವೇ, ನಾಕಾದ ಮೇಲೆ, ಅಂದರೆ ರಸ್ತೆ ಕೂಡುವಲ್ಲಿ, ಕೆಲಸಕ್ಕೆ ಕಾದು ಕೂತ ಪ್ಲಂಬರ್ 300 ಅಂದರೆ "ವಾಶರ್‌ಗೆ ಇಷ್ಟಾ?" ಎಂದು 200ಕ್ಕೆ ಇಳಿಸುತ್ತೇವೆ. ಅವನು ಆ ನೂರು ರೂಪಾಯಿಯನ್ನು ಎಲ್ಲಿ ಉಳಿಸಿಕೊಳ್ಳುತ್ತಾನೆ? ಟೆಫ್ಲಾನ್ ಟೇಪಿನ ಎರಡು ಸುತ್ತು ಕಡಿಮೆ ಮಾಡಿ, ಮೇಲೆ ಎಂ-ಸೀಲ್ ಎಂಬ ಅಂಟು ಬಳಿದು ಹೋಗುತ್ತಾನೆ. ನಮ್ಮ ಕಟ್ಟಡದಲ್ಲಿ ಸೋರುವ ಜಾಗವೆಲ್ಲ ಎಂ-ಸೀಲಿನ ಗಂಟುಗಳೇ. ಒಂದೊಂದು ಗಂಟಿನ ಹಿಂದೆಯೂ ಚೌಕಾಶಿ ಗೆದ್ದ ಒಬ್ಬ ಗೃಹಿಣಿ ಇದ್ದಾಳೆ, ನನ್ನನ್ನೂ ಸೇರಿಸಿ.

ಸರ್ಕಾರಕ್ಕೂ ಇದು ಕಂಡಿದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಮೇಲೆ ಒಂದು ಸಮಿತಿ ಮಾಡಿ, ಆ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ತೆರೆಯಿತು. ಬಿಡಿಭಾಗ, ಕೈಪಿಡಿ, ವಾರಂಟಿಯ ಮಾಹಿತಿ ಗ್ರಾಹಕರಿಗೆ ಸಿಗಲಿ ಎಂದು. ಒಳ್ಳೆಯದೇ. ನನ್ನ ಕೆಂಪು ಗುಂಡಿಯ ಮಾಹಿತಿಯೂ ಒಂಬತ್ತು ವರ್ಷ ನನ್ನ ಅಲಮಾರಿನಲ್ಲೇ ಇತ್ತಲ್ಲ, ಅದಕ್ಕೆ ಯಾವ ಪೋರ್ಟಲ್?

ಇಷ್ಟು ಹೇಳಿದ ಮೇಲೆ ಫ್ಲಶ್ ಟ್ಯಾಂಕಿನ ಪ್ರಸಂಗ ಮುಚ್ಚಿಟ್ಟರೆ ಪಾಪ ತಟ್ಟುತ್ತದೆ. ಕಳೆದ ವರ್ಷ ಟ್ಯಾಂಕಿಗೆ ಹೋಗುವ ಪೈಪು ಹನಿಯುತ್ತಿತ್ತು. ಹೊಸ ಪೈಪು ತಂದೆ, ಟೇಪನ್ನು ಥ್ರೆಡ್ ಬಿಗಿಯಾಗುವ ದಿಕ್ಕಿನಲ್ಲೇ ಸುತ್ತಿದೆ, ಎಲ್ಲ ಶಾಸ್ತ್ರೋಕ್ತ. ಆಮೇಲೆ ಹನಿ ಬರಲೇಬಾರದು ಎಂಬ ಹಟದಲ್ಲಿ ಪಾನಾ ಹಾಕಿ ಇನ್ನೊಂದು ಸುತ್ತು ಎಳೆದೆ. ಪ್ಲಾಸ್ಟಿಕ್ ನಟ್ಟು ಕೈಯಲ್ಲಿ ಬಿಗಿದು, ಮೇಲೆ ಕಾಲು ಸುತ್ತು ತಿರುಗಿಸಿದರೆ ಮುಗಿಯಿತು. ನಾನು ಕೇಳಲಿಲ್ಲ. ಅದೂ ಆಗ ಏನೂ ಹೇಳಲಿಲ್ಲ. ಮರುದಿನ ಬೆಳಗಿನ ಜಾವ ಐದೂವರೆಗೆ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಕಾಕು, ನೈಟಿಯ ಮೇಲೆ ಟವೆಲ್ ಹೊದ್ದು ನಿಂತಿದ್ದರು. "ಅಹೋ ವಹಿನಿ, ಆಮಚ್ಯಾ ಬಾಥರೂಮಾತ್ ಪಾವೂಸ್ ಪಡತೋಯ್."

ಅವರ ಬಚ್ಚಲಲ್ಲಿ ಮಳೆ ಬೀಳುತ್ತಿದೆಯಂತೆ. ನಟ್ಟು ಕೂದಲೆಳೆಯಷ್ಟು ಸೀಳಿತ್ತು. ಅವರ ಛಾವಣಿಗೆ ಬಣ್ಣ ಹೊಡೆಸಿದ ಖರ್ಚು 4,200. ವಾಶಿಂಗ್ ಮಷಿನ್ನಿನಲ್ಲಿ ಉಳಿಸಿದ್ದರ ಅರ್ಧಕ್ಕಿಂತ ಹೆಚ್ಚು ಅಲ್ಲಿಗೆ ಹೋಯಿತು. ಸೊಸೈಟಿಯ ಸೆಕ್ರೆಟರಿ ಮೀಟಿಂಗಿನಲ್ಲಿ "ಕೆಲವು ಸದಸ್ಯರು ಸ್ವತಃ ಪ್ಲಂಬಿಂಗ್ ಮಾಡುತ್ತಿದ್ದಾರೆ" ಎಂದು ಹೆಸರು ಹೇಳದೆ ಓದಿದರು. ಎಲ್ಲರೂ ನನ್ನ ಕಡೆ ನೋಡಿದರು. ಅಜಾಗರೂಕ ಕೆಲಸಗಾರ ಎಂದು ನಾನು ಬೈಯುವ ಜಾತಿಗೆ ಅಂದು ನಾನೂ ಸೇರಿದೆ, ಕೂಲಿ ಇಲ್ಲದೆ. ಪೈಪ್ ಗ್ಯಾಸು, ಏಸಿಯ ಗ್ಯಾಸು, ಮೈಕ್ರೋವೇವಿನ ಹೊಟ್ಟೆ, ಇವುಗಳ ತಂಟೆಗೆ ಮೊದಲಿನಿಂದಲೂ ಹೋಗುವುದಿಲ್ಲ. ಮೈಕ್ರೋವೇವಿನೊಳಗಿನ ಕೆಪಾಸಿಟರು ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಚಾರ್ಜ್ ಹಿಡಿದಿಟ್ಟುಕೊಂಡಿರಬಹುದು. ಅದರ ಸ್ಕ್ರೂ ನನ್ನ ಭರಣಿಗೆ ಬೇಡ.

ಈಗ ಆ ದೀಪ.

ಬಲ್ಬು ಎರಡು ಸಲ ಬದಲಿಸಿಯೂ ಆಗದಿದ್ದಾಗ, ಚೌತಿಗೆ ಐದು ದಿನ ಇರುವಾಗ ಟೆಸ್ಟರ್ ಹಿಡಿದು ನಿಂತೆ. ಹೊಸ ಬೋರ್ಡಿನಲ್ಲಿ ಒಂದು ಮೂರು ತೂತಿನ ಸಾಕೆಟ್ಟೂ ಇದೆ. ಎದುರಿಗೆ ನಿಂತು ನೋಡಿದರೆ ಮೇಲಿನ ದೊಡ್ಡ ತೂತು ಅರ್ಥಿಂಗ್, ಬಲಗಡೆ ಕರೆಂಟು ಬರುವ ಫೇಸ್, ಎಡಗಡೆ ಅದು ಹಿಂದಿರುಗುವ ನ್ಯೂಟ್ರಲ್. ನಮ್ಮ ದೇಶದಲ್ಲಿ ಹಾಗೇ ಇರಬೇಕು. ಬಲಕ್ಕೆ ಟೆಸ್ಟರ್ ಇಟ್ಟೆ, ಹತ್ತಲಿಲ್ಲ. ಎಡಕ್ಕೆ ಇಟ್ಟೆ, ಕೆಂಪಗೆ ಹತ್ತಿತು.

ಎದೆ ಒಮ್ಮೆ ಝಲ್ಲೆಂದಿತು. ಬೋರ್ಡಿಗೆ ಬಂದ ಎರಡು ವೈರು ಅದಲು ಬದಲಾಗಿವೆ. ಅಂದರೆ ಬಲ್ಬಿನ ಸ್ವಿಚ್ಚು ಕಡಿಯುತ್ತಿರುವುದು ನ್ಯೂಟ್ರಲನ್ನು. 230 ವೋಲ್ಟಿನ ಫೇಸು ಸ್ವಿಚ್ಚಿನ ಗೊಡವೆಯೇ ಇಲ್ಲದೆ ಹಗಲೂ ರಾತ್ರಿ ಹೋಲ್ಡರಿನಲ್ಲಿ ಕೂತಿದೆ. ಗೋಡೆಯೊಳಗೆ ಅಕ್ಕಪಕ್ಕ ಹೋಗುವ ವೈರುಗಳ ನಡುವೆ ಕಣ್ಣಿಗೆ ಕಾಣದ ಅಷ್ಟಿಷ್ಟು ಕರೆಂಟು ದಾಟುತ್ತಿರುತ್ತದೆ, ಎಲ್‌ಇಡಿಗೆ ಅಷ್ಟೇ ಸಾಕು ಮಿಣುಗುಟ್ಟಲು. ಹಳೆಯ 60 ವ್ಯಾಟಿನ ಬಲ್ಬಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸ್ವಿಚ್ಚಿನೊಳಗೆ ಇಂಡಿಕೇಟರ್ ಇದ್ದರೂ ಹೀಗೆ ಮಿಣುಕುವುದುಂಟು, ನಮ್ಮದರಲ್ಲಿ ಇರಲಿಲ್ಲ. ಹಬ್ಬಕ್ಕೆಂದು ಹಿಂದಿನ ದಿನವಷ್ಟೇ ನಾನು ಸ್ಟೀಲ್ ಸ್ಟೂಲಿನ ಮೇಲೆ ಹತ್ತಿ, ಸ್ವಿಚ್ ಆರಿಸಿದ್ದೇನೆಂಬ ಧೈರ್ಯದಲ್ಲಿ, ಒದ್ದೆ ಬಟ್ಟೆಯಿಂದ ಆ ಹೋಲ್ಡರಿನ ಸುತ್ತ ಜೇಡರ ಬಲೆ ಒರೆಸಿದ್ದೆ. ನಮ್ಮದು ಹಳೇ ಕಟ್ಟಡ, ಕಿಟ್‌ಕ್ಯಾಟ್ ಫ್ಯೂಸಿನ ಕಾಲದ್ದು. ಮೈಗೆ ಕರೆಂಟು ತಗುಲಿದರೆ 30 ಮಿಲಿ ಆಂಪಿಯರಿಗೇ ತಾನಾಗಿ ಬಿದ್ದು ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ಚು ಇನ್ನೂ ಹಾಕಿಸಿರಲಿಲ್ಲ.

ಮೇನ್ ಇಳಿಸಿದೆ. ಟೆಸ್ಟರ್ ಬದುಕಿದೆ ಎಂದು ಮೊದಲೇ ಬೇರೆ ಪ್ಲಗ್ಗಿನಲ್ಲಿ ನೋಡಿಕೊಂಡಿದ್ದೆ, ಈಗ ಎಲ್ಲ ತೂತಿಗೂ ಇಟ್ಟು ಖಾತ್ರಿ ಮಾಡಿಕೊಂಡೆ. ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿದೆ. ಅತ್ತೆ ಟಾರ್ಚ್ ಹಿಡಿದು ನಿಂತರು. "ಏನರ ಆದ್ರ ನನ್ನ ಮಗಗ ಏನಂತ ಹೇಳ್ಲಿ?" ಎಂದು ಗೊಣಗುತ್ತಿದ್ದರೂ ಟಾರ್ಚು ಮಾತ್ರ ಅಲುಗಲಿಲ್ಲ.

ಒಳಗೆ ನೋಡಿದರೆ ಹೊಸ ಕೆಂಪು ವೈರು, ಹೊಸ ಕಪ್ಪು ವೈರು, ಎರಡೂ ನೇರ, ಮಡಿಕೆ ಚೊಕ್ಕ. ತಪ್ಪಿದ್ದು ಅವು ಹಳೆಯ ವೈರಿಗೆ ಸೇರುವ ಕಡೆ. ನಲವತ್ತು ವರ್ಷದ ಧೂಳಿಗೆ ಹಳೆಯವೆರಡೂ ಒಂದೇ ಮಸಿ ಬಣ್ಣವಾಗಿವೆ. ಯಾವುದು ಫೇಸ್ ಎಂದು ಟೆಸ್ಟರ್ ಒಮ್ಮೆ ಮುಟ್ಟಿಸಿದ್ದರೆ ತಿಳಿಯುತ್ತಿತ್ತು. ಅವನ ಜೇಬಿನಲ್ಲಿ ಟೆಸ್ಟರ್ ಇತ್ತು, ನಾನೇ ನೋಡಿದ್ದೆ. ಹಸಿರು ಅರ್ಥಿಂಗ್ ವೈರನ್ನು ಯಾವುದಕ್ಕೂ ಸೇರಿಸದೆ, ಜಡೆಯ ತುದಿಯಂತೆ ಸುರುಳಿ ಸುತ್ತಿ, ಅದಕ್ಕೂ ಅಂದವಾಗಿ ಟೇಪು ಹಚ್ಚಿ ಮೂಲೆಗೆ ಒತ್ತಿದ್ದ. ಮೇಲೆ ಫಳಫಳ ಹೊಳೆಯುವ ಮೂರು ತೂತಿನ ಸಾಕೆಟ್ಟು, ಆ ದೊಡ್ಡ ತೂತಿನ ಹಿಂದೆ ಬರೀ ಗಾಳಿ. ಇಷ್ಟು ಶುದ್ಧ ಕೈ ಇದ್ದವನು ಒಂದು ಸಲ ಕಣ್ಣು ಹಾಯಿಸಲಿಲ್ಲವಲ್ಲ ಎಂದು ಅಲ್ಲಿಯೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಸೇರಿಕೆ ಬಿಚ್ಚಿ ಅದಲು ಬದಲು ಮಾಡಿದೆ. ಹಸಿರು ವೈರಿನ ತುದಿ ಹೆರೆದು ಸಾಕೆಟ್ಟಿಗೆ ಸೇರಿಸಿದೆ. ಮೇನ್ ಏರಿಸಿದೆ. ಬಲಕ್ಕೆ ಟೆಸ್ಟರ್ ಹತ್ತಿತು, ಎಡಕ್ಕೆ ಇಲ್ಲ. ಸ್ವಿಚ್ ಹಾಕಿದರೆ ದೀಪ, ಆರಿಸಿದರೆ ಕಗ್ಗತ್ತಲು. ಮರುವಾರವೇ ಮೀಟರಿನ ಪಕ್ಕ ಆರ್‌ಸಿಸಿಬಿ ಹಾಕಿಸಿದೆ, ಬೇರೆಯವನ ಕೈಯಲ್ಲಿ. ಹಾಕಿ ಮುಗಿಸುವವರೆಗೂ ಅವನ ಪಕ್ಕದಲ್ಲೇ ನಿಂತಿದ್ದೆ. ಅವನಿಗೆ ಅದು ಸರಿ ಬರಲಿಲ್ಲವೆಂದು ಕಾಣುತ್ತದೆ, ಚಹಾ ಬೇಡವೆಂದ.

ದೀಪ ಸರಿಯಾದ ರಾತ್ರಿ ಮಾತ್ರ ಎರಡೂವರೆಗೆ ದಢ್ ಎಂದು ಸದ್ದಾಯಿತು. ಓಡಿ ಹೋಗಿ ನೋಡಿದರೆ ಅತ್ತೆ ಬಚ್ಚಲ ಬಾಗಿಲ ಹತ್ತಿರ ಗೋಡೆ ತಡವುತ್ತ ನಿಂತಿದ್ದಾರೆ, ಕಾಲಿಗೆ ಬಕೆಟ್ಟು ಎಡವಿದೆ. ಪುಣ್ಯಕ್ಕೆ ಬೀಳಲಿಲ್ಲ.

"ಹತ್ತು ಹನ್ನೆರಡು ದಿನ ಆ ಬೆಳಕಿನಾಗ ಆರಾಮ ಹೋಗಿ ಬರ್ತಿದ್ದೆ," ಅಂದರು. "ಚಲೋ ಇದ್ದದ್ದನ್ನ ಯಾಕ ಕೆಡಿಸಿದಿ?"

ಮಾರನೆಯ ದಿನ ಸ್ಟೇಷನ್ ರಸ್ತೆಯಿಂದ ಒಂದು ಝೀರೋ ಬಲ್ಬು ತಂದು ಆ ಸಾಕೆಟ್ಟಿಗೆ ಸಿಕ್ಕಿಸಿದೆ. ಬಣ್ಣ ಅವರಿಗೆ ಹಿಡಿಸಿಲ್ಲ, ಮೊದಲಿನದೇ ತಂಪಾಗಿತ್ತಂತೆ.